ಮಳೆಗಾಲದಲ್ಲಿ ಕಾಡಿನ ಚಿತ್ರ ಬಿಡಿಸುವವರಿಗೆ: ಯಾವ ಸೂರು, ಯಾವ ಹಾಳೆ, ಯಾವ ಬಣ್ಣ?

ಪುನರ್ವಸು ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಆಗುಂಬೆ ಘಾಟಿಯ ತಿರುವೊಂದರ ಬಳಿ ಕೊಡೆ ಬಿಚ್ಚಿಕೊಂಡು, ಜಲವರ್ಣದಲ್ಲಿ ಕಣಿವೆಯನ್ನು ಬಿಡಿಸಲು ಕೂತಿದ್ದೆ. ಹೊಸ ಬಣ್ಣದ ಪೆಟ್ಟಿಗೆ, ಅಪ್ಪಟ ಹತ್ತಿಯ ದಪ್ಪನೆಯ ಹಾಳೆ, ಮೂರು ಕುಂಚ. ಮೊದಲ ಹಸಿರನ್ನು ಹಚ್ಚಿ ಒಣಗಲಿ ಎಂದು ಕಾದೆ. ಕಾಲು ಗಂಟೆ ಕಳೆದರೂ ಆ ಹಸಿರು ಹಚ್ಚಿದಾಗ ಹೇಗಿತ್ತೋ ಹಾಗೆಯೇ ಮಿರುಗುತ್ತಿತ್ತು. ಅಷ್ಟರಲ್ಲಿ ಗಾಳಿ ಕೊಡೆಯ ಅಡಿಯಿಂದ ನುಗ್ಗಿತು. ತುಂತುರು ಬಿದ್ದಲ್ಲೆಲ್ಲ ಹೂಕೋಸಿನಂಥ ಕಲೆಗಳು ಅರಳಿದವು, ಕಣಿವೆ ಹಾಳೆಯಿಂದ ಜಾರಿ ನನ್ನ ಪ್ಯಾಂಟಿನ ಮೇಲೆ ಇಳಿಯಿತು. ಆ ಪ್ಯಾಂಟು ಈಗಲೂ ಇದೆ, ಚಿತ್ರ ಇಲ್ಲ.

ತಪ್ಪು ಬಣ್ಣದ್ದಲ್ಲ, ಹಾಳೆಯದ್ದೂ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಜಲವರ್ಣ ಎಂದರೆ ಬಣ್ಣದ ಪುಡಿಗೆ ಮರದ ಗೋಂದು ಬೆರೆಸಿದ್ದು. ನೀರು ಆವಿಯಾಗಿ ಹೋದ ಮೇಲೆಯೇ ಆ ಗೋಂದು ಪುಡಿಯನ್ನು ಹಾಳೆಗೆ ಹಿಡಿದಿಡುತ್ತದೆ. ಗಾಳಿಯೇ ನೀರು ಕುಡಿದು ತೇಗುತ್ತಿರುವ ಜಾಗದಲ್ಲಿ ಹಾಳೆಯ ನೀರನ್ನು ಯಾರು ಕುಡಿಯಬೇಕು?

ಚಿತ್ರಸಾಮಗ್ರಿಯ ಅಂಗಡಿಗೆ ಹೋದರೆ ಮಾತು ಬಣ್ಣದಿಂದ ಶುರುವಾಗುತ್ತದೆ, ಆಮೇಲೆ ಹಾಳೆಗೆ ಬರುತ್ತದೆ. ಎಲ್ಲಿ ಕೂತು ಬಿಡಿಸುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಈ ಸಾಲನ್ನು ತಿರುವುಮುರುವು ಮಾಡಬೇಕು ಎನ್ನುವುದು ನನ್ನ ಅನುಭವ. ಮೊದಲು ಸೂರು, ಆಮೇಲೆ ಹಾಳೆ, ಅದರ ನಂತರ ಗೀರುವ ಸಾಧನ. ಬಣ್ಣಕ್ಕೆ ಕೊನೆಯ ಜಾಗ, ಅದೂ ಹೆಚ್ಚಿನ ಸಲ ಮನೆಗೆ ಬಂದ ಮೇಲೆ.

ಸೂರು

ಮಲೆನಾಡಿನ ಜಗಲಿಗೆ ಸಮನಾದ ಚಿತ್ರಶಾಲೆ ಇನ್ನೊಂದಿಲ್ಲ. ಹೆಂಚಿನ ಮಾಡು ಮುಂದಕ್ಕೆ ಚಾಚಿ ಇಳಿದಿರುತ್ತದೆ, ಇರಚಲು ಒಳಗೆ ಬರುವುದು ಕಡಿಮೆ. ಕಣ್ಣೆದುರು ಅಂಗಳ, ಅದರಾಚೆ ಅಡಿಕೆ ತೋಟ, ಗದ್ದೆ, ಮಂಜಿನಲ್ಲಿ ಬಂದು ಹೋಗುವ ಗುಡ್ಡ. ಜಲವರ್ಣ ಹಚ್ಚುವುದೇ ಸೈ ಎಂದು ಹಟ ಹಿಡಿದವರಿಗೆ ಇದೊಂದೇ ಜಾಗ. ಕೊರತೆ ಏನೆಂದರೆ ಮೂರನೆಯ ದಿನಕ್ಕೆ ಅದೇ ಅಡಿಕೆ ಮರ, ಅದೇ ತುಳಸಿಕಟ್ಟೆ. ಜೊತೆಗೆ ಮನೆಯವರು ಕಾಫಿ, ಹಪ್ಪಳ, ಮತ್ತೆ ಕಾಫಿ ಎಂದು ತಂದಿಡುತ್ತಿದ್ದರೆ ಚಿತ್ರ ಹಿಂದುಳಿಯುತ್ತದೆ. ಇದನ್ನು ದೂರು ಎಂದುಕೊಳ್ಳಬೇಡಿ.

ಜಗಲಿಯ ನಂತರದ ಸ್ಥಾನ ಹಳ್ಳಿ ರಸ್ತೆಯ ಬಸ್ ತಂಗುದಾಣಕ್ಕೆ. ಮೂರು ಕಡೆ ಗೋಡೆ, ಮೇಲೆ ತಾರಸಿ, ಕೂರಲು ಕಲ್ಲುಬೆಂಚು. ತಾರಸಿಯ ಅಂಚಿನಲ್ಲಿ ಬೆಳೆದ ಜರೀಗಿಡ, ಗೋಡೆಯ ಪಾಚಿ, ಎದುರಿನ ಧರೆಯಲ್ಲಿ ನೀರು ಇಳಿದ ಗುರುತು, ಬಿಡಿಸಲು ಬೇಕಾದಷ್ಟಿದೆ. ಜನ ಮಾತ್ರ ವಿಚಾರಿಸದೆ ಬಿಡುವುದಿಲ್ಲ. ಹಲಗೆ, ಹಾಳೆ, ಪೆನ್ಸಿಲ್ ಕಂಡರೆ ಮೊದಲ ಪ್ರಶ್ನೆ, "ಸರ್ವೆಗೆ ಬಂದಿದ್ದೀರಾ ಸಾರ್?" ಎರಡನೆಯದು, "ಯಾರ ಜಾಗ ಹೋಯಿತು ಮಾರಾಯರೇ ಈ ಸಲ?" ಹಾಳೆಯನ್ನು ತಿರುಗಿಸಿ ತೋರಿಸಿದರೆ ಸಮಾಧಾನವಾಗುತ್ತದೆ. ಆಮೇಲೆ ಆ ಮರದ ಬಲಗಡೆಯ ಕೊಂಬೆ ಹೋದ ವರ್ಷದ ಗಾಳಿಗೆ ಮುರಿದದ್ದು ಎಂಬ ಮಾಹಿತಿಯೂ ಸಿಗುತ್ತದೆ. ಆ ಮಾಹಿತಿಯನ್ನು ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಿ.

ಕಾರಿನೊಳಗೆ ಕೂತು ಬಿಡಿಸುವವರು ಬಹಳ. ನನಗೆ ಅದು ಒಗ್ಗಿಲ್ಲ. ಉಸಿರಿಗೆ ಗಾಜು ಮಬ್ಬಾಗುತ್ತದೆ, ಕಿಟಕಿ ಇಳಿಸಿದರೆ ಮಳೆ ಒಳಗೆ ಬರುತ್ತದೆ, ಇಳಿಸದಿದ್ದರೆ ಸಿಳ್ಳಾರ ಹಕ್ಕಿಯ ಹಾಡು ಹೊರಗೇ ಉಳಿಯುತ್ತದೆ. ಮಳೆಗಾಲದ ಕಾಡಿನಲ್ಲಿ ಅರ್ಧ ಚಿತ್ರ ಕಿವಿಯಿಂದ ಬರುತ್ತದೆ.

ಕೊಡೆಯ ವಿಷಯದಲ್ಲಿ ಎರಡು ಮಾತು. ಮೊದಲನೆಯದು, ಕಪ್ಪು ಕೊಡೆಯನ್ನೇ ಒಯ್ಯಿರಿ. ನೀಲಿ ಅಥವಾ ಕೆಂಪು ಕೊಡೆಯಡಿ ಕೂತರೆ ಇಡೀ ಹಾಳೆಗೆ ಆ ಬಣ್ಣದ ಛಾಯೆ ಬೀಳುತ್ತದೆ. ಮನೆಗೆ ಬಂದು ನೋಡಿದಾಗ ನೀವು ಹಚ್ಚಿದ ಹಸಿರು ಬೇರೆಯೇ ಆಗಿರುತ್ತದೆ. ಎರಡನೆಯದು, ಕೊಡೆ ಒಂದು ಕೈಯನ್ನು ತಿನ್ನುತ್ತದೆ. ಹಿಡಿಯನ್ನು ಬೆನ್ನಚೀಲದ ಪಟ್ಟಿಗೆ ಕಟ್ಟಿಕೊಂಡರೆ ಗಾಳಿಯಿಲ್ಲದ ತೋಟದಲ್ಲಿ ನಡೆಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಹೀಗೆ ಕಟ್ಟಿಕೊಂಡರೆ ಕೊಡೆ ತಲೆಕೆಳಗಾಗುತ್ತದೆ, ಜೊತೆಗೆ ನೀವೂ ಎರಡು ಹೆಜ್ಜೆ ಹೋಗುತ್ತೀರಿ.

ರೇನ್‌ಕೋಟಿನ ಶತ್ರು ಅದರ ತೋಳು. ಕೈ ಎತ್ತಿದಾಗ ನೀರು ತೋಳಿನುದ್ದಕ್ಕೂ ಹರಿದು ಬಂದು, ಬರೆಯಲು ಬಾಗಿದಾಗ ನೇರವಾಗಿ ಹಾಳೆಯ ಮೇಲೆ ಸುರಿಯುತ್ತದೆ. ಮುಂಗೈಗೆ ಹತ್ತಿಯ ಕರವಸ್ತ್ರ ಸುತ್ತಿಕೊಂಡರೆ ಅದು ಹೀರಿಕೊಳ್ಳುತ್ತದೆ, ಹತ್ತು ನಿಮಿಷಕ್ಕೊಮ್ಮೆ ಹಿಂಡಬೇಕು. ಕಂಬಳಿ ಕೊಪ್ಪೆಗೆ ತೋಳೇ ಇಲ್ಲ. ನೀರು ಹೀರಿಕೊಂಡು ಭಾರವಾದರೂ ಬೆಚ್ಚಗಿರುತ್ತದೆ, ಎದೆಯ ಹತ್ತಿರ ಚಿಕ್ಕ ಪುಸ್ತಕ ಹಿಡಿಯುವಷ್ಟು ಒಣ ಜಾಗ ಉಳಿಯುತ್ತದೆ. ಆದರೆ ಇವೆಲ್ಲಕ್ಕಿಂತ ಜಾಣತನದ ವಿನ್ಯಾಸ ಬಿದಿರು, ಎಲೆಗಳಿಂದ ಹೆಣೆದ ಗೊರಬಿನದು. ಬಾಗಿ ನಾಟಿ ಮಾಡುವ ಹೆಂಗಸರಿಗಾಗಿಯೇ ಹುಟ್ಟಿದ್ದು ಅದು. ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ, ಎರಡೂ ಕೈ ಬಿಡುವು. ಬಾಗಿದಷ್ಟೂ ಮುಂದೆ ಒಣಗಿದ ಒಂದು ಪುಟ್ಟ ಕೋಣೆ ಸಿಗುತ್ತದೆ. ಚಿತ್ರ ಬಿಡಿಸುವವನು ಕೂರುವ ಭಂಗಿಯೂ ಅದೇ ಅಲ್ಲವೇ? ಈಗ ಗದ್ದೆಗಳಲ್ಲಿ ಪ್ಲಾಸ್ಟಿಕ್ ಹಾಳೆಗಳೇ ಕಾಣುತ್ತವೆ. ಗೊರಬು ಅಟ್ಟ ಸೇರಿದೆ. ಪರಿಚಯದ ಮನೆಯ ಅಟ್ಟದಲ್ಲಿ ಒಂದು ಇದ್ದರೆ ಕೇಳಿ ಪಡೆಯಿರಿ. ಜನ ನಗುತ್ತಾರೆ, ನಗಲಿ.

ಎಲ್ಲಿ ಕೂರಬಾರದು ಎನ್ನುವುದಕ್ಕೆ ಹೋಲಿಕೆ ಬೇಕಿಲ್ಲ. ಹಳ್ಳದ ನಡುವಿನ ಬಂಡೆಯ ಮೇಲೆ ಬೇಡ. ನೀವಿರುವಲ್ಲಿ ಮಳೆ ನಿಂತಿದ್ದರೂ ಮೇಲಿನ ಗುಡ್ಡದಲ್ಲಿ ಸುರಿಯುತ್ತಿರಬಹುದು, ನೀರು ಏರುವುದು ತಿಳಿಯುವಷ್ಟರಲ್ಲಿ ದಾರಿ ಮುಚ್ಚಿರುತ್ತದೆ. ರಸ್ತೆಗಾಗಿ ಕಡಿದ ಧರೆಯ ಬುಡದಲ್ಲೂ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಂಬಳಗಳ, ಅಂದರೆ ಕಾಡಿನ ಜಿಗಣೆಗಳ, ಮಾತಿಲ್ಲದೆ ಮಲೆನಾಡಿನ ಯಾವ ಮಾರ್ಗದರ್ಶಿಯೂ ಮುಗಿಯುವುದಿಲ್ಲ. ಸುಣ್ಣ, ತಂಬಾಕು, ಉಪ್ಪು, ಯಾವುದು ಕೈಗೆ ಸಿಕ್ಕರೂ ನಡೆಯುತ್ತದೆ, ಮಳೆ ಯಾವುದನ್ನಾದರೂ ತೊಳೆಯುತ್ತದೆ. ನೆಲದ ಮೇಲೆ ಕೂರುವ ಬದಲು ಮಡಚುವ ಪುಟ್ಟ ಸ್ಟೂಲ್ ಒಯ್ಯುವುದೇ ಹೆಚ್ಚು ಉಪಯೋಗ. ಕಚ್ಚಿ ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟದಂತೆ ಉಂಬಳದ ಜೊಲ್ಲು ಮಾಡುತ್ತದೆ. ನನ್ನ ಒಂದು ಕೆಸುವಿನ ಎಲೆಯ ಚಿತ್ರದ ಮೂಲೆಯಲ್ಲಿ ಕಂದು ಚುಕ್ಕೆಯಿದೆ. ನೋಡಿದವರು ಅದನ್ನು ಎಲೆಯ ರೋಗ ಎಂದುಕೊಂಡರು.

ಹಾಳೆ

ಸಾಮಾನ್ಯ ಸ್ಕೆಚ್ ಪುಸ್ತಕ ಮಳೆಯಲ್ಲಿ ಅರ್ಧ ಗಂಟೆಯ ವಸ್ತು. ಹಾಳೆ ಎಂದರೆ ನಾರುಗಳ ಹೆಣಿಗೆ, ತೇವ ಕುಡಿದಾಗ ನಾರು ಉಬ್ಬುತ್ತದೆ. ಅಂಚು ಮೊದಲು ಅಲೆಯಾಗುತ್ತದೆ, ಆಮೇಲೆ ಮೇಲ್ಮೈ ಮೆತ್ತಗಾಗಿ ಪೆನ್ಸಿಲಿನ ಮೊನೆ ಗೀರುವ ಬದಲು ಉಳುತ್ತದೆ. ದಪ್ಪನೆಯ ಹತ್ತಿ ಹಾಳೆ ಹೆಚ್ಚು ಹೊತ್ತು ತಡೆಯುತ್ತದೆ, ಹರಿಯುವುದಿಲ್ಲ. ಆದರೆ ಕುಡಿದ ನೀರನ್ನು ಬಿಟ್ಟುಕೊಡಲು ಅದಕ್ಕೆ ದಿನಗಟ್ಟಲೆ ಬೇಕು. ಜಗಲಿಗೆ ಹತ್ತಿ ಹಾಳೆ ಸರಿ, ಬಯಲಿಗಲ್ಲ.

ಮಳೆಗೆಂದೇ ಮಾಡಿದ ಹಾಳೆಗಳಲ್ಲಿ ಹೆಸರಾದದ್ದು ಅಮೆರಿಕದ 'ರೈಟ್ ಇನ್ ದ ರೈನ್'. ಅಲ್ಲಿನ ವಾಯವ್ಯ ಕರಾವಳಿಯ ಮಳೆಕಾಡಿನಲ್ಲಿ ಮರ ಕಡಿಯುವವರಿಗಾಗಿ 20ನೆಯ ಶತಮಾನದ ಆರಂಭದಲ್ಲಿ ಹುಟ್ಟಿದ್ದು. ಲೇಪ ಕೊಟ್ಟ ಕಾಗದವಾದ್ದರಿಂದ ನೀರು ಹನಿಹನಿಯಾಗಿ ಜಾರಿಹೋಗುತ್ತದೆ, ಕೆಸುವಿನ ಎಲೆಯ ಮೇಲೆ ಹೋದ ಹಾಗೆ. ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ. ಇದೇ ಗುಣದಿಂದಾಗಿ ಜಲವರ್ಣವೂ ಅದರ ಮೇಲೆ ನಿಲ್ಲುವುದಿಲ್ಲ. ಭಾರತದಲ್ಲಿ ತರಿಸಿಕೊಳ್ಳಬೇಕು, ಅಗ್ಗವಲ್ಲ, ಪುಟಗಳೂ ಚಿಕ್ಕವು. ಹಕ್ಕಿ ಎಣಿಸುವವರಿಗೆ, ಟಿಪ್ಪಣಿ ಬರೆಯುವವರಿಗೆ ಒಳ್ಳೆಯದು. ದೊಡ್ಡದಾಗಿ ಕೈ ಬೀಸಿ ಬಿಡಿಸುವವರಿಗೆ ಉಸಿರುಗಟ್ಟುತ್ತದೆ.

ಕಲ್ಲುಕಾಗದ ಎಂದು ಮಾರುವ ಹಾಳೆಯಲ್ಲಿ ಮರದ ನಾರೇ ಇಲ್ಲ. ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ, ಅದನ್ನು ಹಿಡಿದಿಡಲು ಪಾಲಿಎಥಿಲೀನ್ ಪ್ಲಾಸ್ಟಿಕ್. ಉಬ್ಬುವುದಿಲ್ಲ, ಅಲೆಯಾಗುವುದಿಲ್ಲ. ಬೆಣ್ಣೆಯಂತೆ ನುಣುಪು, ಮೃದು ಪೆನ್ಸಿಲಿನಲ್ಲಿ ಗಾಢವಾದ ಕಪ್ಪು ಸಿಗುತ್ತದೆ. ನನಗೆ ಆ ನುಣುಪೇ ಹಿಡಿಸಲಿಲ್ಲ. ತೊಗಟೆಯ ಒರಟುತನ ಬಿಡಿಸುವಾಗ ಹಾಳೆಯೂ ಒಂದಿಷ್ಟು ಎದುರಾಡಬೇಕು. ಗಟ್ಟಿ ಮೊನೆ ಒತ್ತಿದರೆ ಅಚ್ಚು ಬಿದ್ದು ಉಳಿಯುತ್ತದೆ. ಬಿಸಿಲಿಗೆ ಬಹಳ ಕಾಲ ಒಡ್ಡಿದರೆ ಕೆಡುತ್ತದೆ ಎನ್ನುವುದೂ ನೆನಪಿರಲಿ.

ಡ್ರಾಫ್ಟಿಂಗ್ ಫಿಲ್ಮಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಕೊನೆಗೆ ನಾನು ನೆಲೆ ನಿಂತದ್ದು ಅಲ್ಲಿ. ಕಂಪ್ಯೂಟರ್ ಬರುವ ಮುಂಚೆ ಎಂಜಿನಿಯರುಗಳು ನಕ್ಷೆ ಬರೆಯುತ್ತಿದ್ದ ಪಾಲಿಯೆಸ್ಟರ್ ಹಾಳೆ ಇದು. ಹಾಲುಬಣ್ಣ, ಅರೆಪಾರದರ್ಶಕ, ಮೇಲ್ಮೈ ಮಾತ್ರ ಮರಳು ಸವರಿದಷ್ಟು ತರಿ. ಬ್ರಿಟನ್ನಿನ ಪುರಾತತ್ವಜ್ಞರು ಮಳೆಯ ನಡುವೆ ಉತ್ಖನನದ ನಕ್ಷೆ ಬರೆಯುವುದು ಇಂಥ ಫಿಲ್ಮಿನ ಮೇಲೆ, ಪೆನ್ಸಿಲಿನಲ್ಲಿ. ಬಕೆಟ್ಟಿನಲ್ಲಿ ಅದ್ದಿ ತೆಗೆದು ಕೊಡವಿದರೂ ಗೀಟು ಅಲ್ಲೇ ಇರುತ್ತದೆ. ಇನ್ನೊಂದು ಲಾಭ, ಮಂಜಿನ ಗುಡ್ಡಗಳನ್ನು ಬೇರೆ ಬೇರೆ ಫಿಲ್ಮಿನಲ್ಲಿ ಬಿಡಿಸಿ ಒಂದರ ಮೇಲೊಂದು ಇಟ್ಟರೆ ಹಿಂದಿನದು ತಾನಾಗಿಯೇ ಮಸುಕಾಗಿ ಕಾಣುತ್ತದೆ. ಆಶ್ಲೇಷ ಮಳೆಯ ಕುದುರೆಮುಖ ಅಂದರೆ ಅದೇ ತಾನೆ.

ಕೊಳ್ಳುವಾಗ ಎಚ್ಚರ. ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಟ್ರೇಸಿಂಗ್ ಪೇಪರನ್ನು ಕೊಟ್ಟು ಎರಡೂ ಒಂದೇ ಎನ್ನುವವರಿದ್ದಾರೆ. ಒಂದೇ ಅಲ್ಲ. ಟ್ರೇಸಿಂಗ್ ಪೇಪರ್ ಒಂದು ಹನಿ ಬಿದ್ದರೆ ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೂಲೆಯನ್ನು ಹರಿದು ನೋಡಿ, ಹರಿದರೆ ಕಾಗದ, ಹರಿಯದಿದ್ದರೆ ಫಿಲ್ಮ್.

ಹಾಳೆಯಡಿ ಇಡುವ ಹಲಗೆಯನ್ನೂ ಮರೆಯುವಂತಿಲ್ಲ. ಪರೀಕ್ಷೆಗೆ ಒಯ್ಯುತ್ತಿದ್ದ ಹಾರ್ಡ್‌ಬೋರ್ಡ್ ಪ್ಯಾಡ್ ನೀರು ಕುಡಿದು ಬಿಸ್ಕತ್ತಿನಂತೆ ಉಬ್ಬುತ್ತದೆ. ಪ್ಲಾಸ್ಟಿಕ್ ಪ್ಯಾಡ್ ಇರಲಿ, ಗಾಳಿಗೆ ನಾಲ್ಕು ಮೂಲೆಗೂ ರಬ್ಬರ್ ಬ್ಯಾಂಡ್ ಇರಲಿ.

ಯಾವ ವಿಶೇಷ ಹಾಳೆಯೂ ಸಿಗದಿದ್ದರೆ ತೋಟದವರ ಉಪಾಯವಿದೆ. ಕೊಳೆರೋಗ ಬಾರದಿರಲಿ ಎಂದು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರಲ್ಲ, ಹಾಗೆಯೇ ಪುಸ್ತಕಕ್ಕೂ ಕಟ್ಟಬಹುದು. ಪಾರದರ್ಶಕವಾದ ದೊಡ್ಡ ಚೀಲದೊಳಗೆ ಪ್ಯಾಡನ್ನೂ ಕೈಯನ್ನೂ ತೂರಿಸಿ ಒಳಗೇ ಬಿಡಿಸುವುದು. ಮಳೆ ಒಳಗೆ ಬರುವುದಿಲ್ಲ, ಆದರೆ ಕೈಯ ಬಿಸಿಗೆ ಚೀಲದೊಳಗೇ ಬೆವರು ಕಟ್ಟುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ಹೊರಗೆ ತೆಗೆಯಬೇಕು. ಸಾಮಾನ್ಯ ಹಾಳೆಗೆ ಇಷ್ಟು ಸೇವೆ ಸಾಕೆನಿಸುವವರೆಗೆ ನಡೆಯುತ್ತದೆ.

ಗೀರುವುದು

ಪೆನ್ಸಿಲನ್ನು ಸೋಲಿಸುವ ಸಾಧನ ಮಳೆಯಲ್ಲಿ ಇಲ್ಲ. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಒಣಗಬೇಕಾಗಿಯೂ ಇಲ್ಲ. ಸಮುದ್ರದೊಳಗೆ ಮುಳುಗಿ ಹವಳ ಎಣಿಸುವ ಜೀವವಿಜ್ಞಾನಿಗಳೂ ಪ್ಲಾಸ್ಟಿಕ್ ಹಲಗೆಯ ಮೇಲೆ ಮಾಮೂಲಿ ಪೆನ್ಸಿಲಿನಿಂದಲೇ ಬರೆಯುತ್ತಾರೆ. ಮೊನೆ ಆರಿಸುವಾಗ ಒಂದು ತಿರುವು ಇದೆ. ತೇವ ತಾಗಿದ ಕಾಗದದ ಮೇಲೆ 2ಬಿ, 4ಬಿಯಂಥ ಮೃದು ಪೆನ್ಸಿಲ್ ಬೇಕು, ಗಟ್ಟಿಯದು ಸೀಳುತ್ತದೆ. ಡ್ರಾಫ್ಟಿಂಗ್ ಫಿಲ್ಮಿನ ಮೇಲೆ ಇದಕ್ಕೆ ವಿರುದ್ಧ. ತರಿ ಮೇಲ್ಮೈ ಮೃದು ಸೀಸವನ್ನು ತಿಂದು ಕೈಗೆಲ್ಲ ಮಸಿ ಬಳಿಯುತ್ತದೆ, ಎಚ್‌ಬಿಯಿಂದ 4ಎಚ್‌ವರೆಗಿನ ಮೊನೆ ಚೊಕ್ಕವಾಗಿ ನಿಲ್ಲುತ್ತದೆ. ಅಂಗಡಿಯಿಂದ ಒಂದೇ ಪೆನ್ಸಿಲ್ ತಂದು ಎರಡೂ ಹಾಳೆಯ ಮೇಲೆ ಪ್ರಯೋಗಿಸಿ ಒಂದನ್ನು ಬೈಯುವವರ ಸಾಲಿನಲ್ಲಿ ನಾನೂ ಇದ್ದೆ.

ಮರದ ಪೆನ್ಸಿಲ್ ನೆನೆದರೆ ಮೆಂಡರ್ (ಶಾರ್ಪನರ್) ಅದನ್ನು ಹೆರೆಯುವುದಿಲ್ಲ, ಚೂರಿ ಇಟ್ಟುಕೊಳ್ಳಿ. ಮೆಕ್ಯಾನಿಕಲ್ ಪೆನ್ಸಿಲಿಗೆ ಆ ತಾಪತ್ರಯವಿಲ್ಲ. 0.5 ಮಿಲಿಮೀಟರಿನ ಕಡ್ಡಿ ಚಳಿಗೆ ಮರಗಟ್ಟಿದ ಕೈಯಲ್ಲಿ ಪಟಪಟ ಮುರಿಯುತ್ತದೆ, 0.9 ಅಥವಾ ಅದಕ್ಕೂ ದಪ್ಪದ್ದು ಒಳ್ಳೆಯದು. ರಬ್ಬರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಒದ್ದೆ ಹಾಳೆಯ ಮೇಲೆ ಅದು ಅಳಿಸುವುದಿಲ್ಲ, ಸಿಪ್ಪೆ ಸುಲಿಯುತ್ತದೆ.

ಬಾಲ್ ಪೆನ್ನಿನ ಶಾಯಿ ಎಣ್ಣೆಯದು, ಒಣಗಿದ ಹಾಳೆಯ ಮೇಲೆ ಬರೆದರೆ ಆಮೇಲೆ ನೀರು ಬಿದ್ದರೂ ಅಳುವುದಿಲ್ಲ. ಆದರೆ ಒದ್ದೆ ಹಾಳೆಯ ಮೇಲೆ ಗುಂಡು ಉರುಳಲು ಹಿಡಿತ ಸಾಲದೆ ನಾಲ್ಕು ಗೆರೆಗೆ ನಿಲ್ಲುತ್ತದೆ. 1968ರಲ್ಲಿ ಅಪೋಲೊ 7ರ ಜೊತೆ ಬಾಹ್ಯಾಕಾಶಕ್ಕೆ ಹೋದ ಫಿಶರ್ ಪೆನ್ನು ಒತ್ತಡದ ಅನಿಲದಿಂದ ಶಾಯಿಯನ್ನು ತಳ್ಳುವುದರಿಂದ ಒದ್ದೆಯ ಮೇಲೂ ಬರೆಯುತ್ತದೆ. ಗೆರೆಯಲ್ಲಿ ತೆಳು, ದಪ್ಪ ಎಂಬ ಭೇದವಿಲ್ಲ, ಹಾಗಾಗಿ ಟಿಪ್ಪಣಿಗೆ ಸರಿ, ಮರಕ್ಕೆ ಸಾಲದು. ಫೌಂಟನ್ ಪೆನ್ನು ತರುವವರಿಗೆ ನನ್ನ ಸಂತಾಪವಿದೆ. ಪಿಗ್ಮೆಂಟ್ ಶಾಯಿಯ ತೆಳುಮೊನೆಯ ಪೆನ್ನುಗಳ ಮೇಲೆ 'ವಾಟರ್‌ಪ್ರೂಫ್' ಎಂದು ಬರೆದಿರುತ್ತದೆ, ಅದು ಸತ್ಯವೇ, ಒಣಗಿದ ಮೇಲೆ. ಒಣಗುವುದೇ ಇಲ್ಲದ ಊರಿನಲ್ಲಿ ಆ ಭರವಸೆಗೆ ಎಷ್ಟು ಬೆಲೆ ಎಂದು ನೀವೇ ಲೆಕ್ಕ ಹಾಕಿ. ಜಗಲಿಯಲ್ಲಿ ಮಾತ್ರ ಅವು ನನಗೂ ಬೇಕು.

ಟ್ಯಾಬ್ಲೆಟ್‌ನಲ್ಲಿ ಬಿಡಿಸುವವರಿಗೆ ಒಂದೇ ಸಾಲು: ಪರದೆಯ ಮೇಲೆ ಬಿದ್ದ ಹನಿಯನ್ನೂ ಅದು ಬೆರಳೆಂದೇ ತಿಳಿಯುತ್ತದೆ, ಮಳೆಯೇ ಚಿತ್ರ ಬಿಡಿಸಲು ಶುರುಮಾಡುತ್ತದೆ.

ಬಣ್ಣ

ಹೊರಗೇ ಬಣ್ಣ ಹಚ್ಚಬೇಕೆಂದರೆ ಎಣ್ಣೆ, ಮೇಣಗಳ ಕಡೆ ಹೋಗಿ. ಶಾಲೆಯ ಮಕ್ಕಳ ಮೇಣದ ಬಣ್ಣವೂ ಆಗುತ್ತದೆ, ಆಯಿಲ್ ಪೇಸ್ಟಲ್ ಇನ್ನೂ ಚೆನ್ನ. ಬೇಸಿಗೆಯಲ್ಲಿ ಬೆಣ್ಣೆಯಾಗುವ ಪೇಸ್ಟಲ್ ಮಳೆಯ ತಂಪಿಗೆ ಗಟ್ಟಿಯಾಗಿ ಹದಕ್ಕೆ ಬರುತ್ತದೆ. ಹನಿ ಬಿದ್ದರೆ ಒರೆಸಿ ಮುಂದುವರಿಸಬಹುದು, ನೀರು ನಿಂತ ಜಾಗದಲ್ಲಿ ಮಾತ್ರ ಹಿಡಿಯುವುದಿಲ್ಲ. ಅದು ಎಂದೂ ಪೂರ್ತಿ ಒಣಗುವುದೂ ಇಲ್ಲ, ಎದುರು ಪುಟಕ್ಕೆ ಅಂಟುತ್ತದೆ, ನಡುವೆ ಬೆಣ್ಣೆ ಕಾಗದ ಇಡಬೇಕು. ಬಣ್ಣದ ಪೆನ್ಸಿಲ್ ಇನ್ನೊಂದು ದಾರಿ. ಮೇಣದ ಜಾತಿಯದೋ ನೀರಿನಲ್ಲಿ ಕರಗುವ ಜಾತಿಯದೋ ಎಂದು ಒದ್ದೆ ಬೆರಳಿನಿಂದ ಗೀಟನ್ನು ಉಜ್ಜಿ ಮೊದಲೇ ನೋಡಿಕೊಳ್ಳಿ. ಎರಡನೆಯದಾದರೆ ಅದು ವೇಷ ಮರೆಸಿದ ಜಲವರ್ಣ.

ಆದರೆ ನಾನು ಹೊರಗೆ ಒಯ್ಯುವ ಬಣ್ಣದ ಪೆಟ್ಟಿಗೆಯಲ್ಲಿ ಇರುವುದು ಮಾತು ಮಾತ್ರ. ಪೆನ್ಸಿಲಿನಲ್ಲಿ ಆಕಾರ, ನೆರಳು-ಬೆಳಕು, ಆಮೇಲೆ ಆಯಾ ಜಾಗದಲ್ಲಿ ಬಣ್ಣದ ಹೆಸರು. 'ಹಸಿರು' ಎಂದು ಬರೆದರೆ ಸಂಜೆ ಮನೆಯಲ್ಲಿ ಏನೂ ನೆನಪಾಗುವುದಿಲ್ಲ, ಮಳೆಗಾಲದ ಕಾಡಿನಲ್ಲಿ ಎಲ್ಲವೂ ಹಸಿರೇ. ಹಾಗಾಗಿ ಕಣ್ಣಿಗೆ ಹಿಡಿಸುವಂಥ ಹೆಸರು ಬರೆಯುತ್ತೇನೆ. ಎಳೆ ನಾಟಿ. ಕೆಸುವಿನ ಬೆನ್ನು. ಕಳಿತ ವೀಳ್ಯದೆಲೆ. ಪಾಚಿ ಕಟ್ಟಿದ ಬಾವಿಕಟ್ಟೆ. ಬಾಳೆದಿಂಡಿನ ಒಳಗು. ದೂರದ ಗುಡ್ಡದ ಆ ವಿಚಿತ್ರ ನೀಲಿಗೆ ಬಹಳ ದಿನ ಹೆಸರು ಸಿಕ್ಕಿರಲಿಲ್ಲ. ತೋಟಕ್ಕೆ ಔಷಧಿ ಹೊಡೆಯಲು ಮೈಲುತುತ್ತ ಕರಗಿಸಿ, ಸುಣ್ಣದ ತಿಳಿ ಸುರಿಯುವುದನ್ನು ನೋಡುತ್ತಿದ್ದಾಗ ಸಿಕ್ಕಿತು. ಸುಣ್ಣ ಬೀಳುವ ಮುಂಚಿನದು ಹತ್ತಿರದ ಗುಡ್ಡ, ಬಿದ್ದ ಮೇಲಿನದು ಅದರಾಚೆಯದು. ಒದ್ದೆ ತೊಗಟೆಗೆ 'ಡಿಕಾಕ್ಷನ್', ಅದೇ ತೊಗಟೆ ಎರಡು ದಿನ ಒಣಗಿದರೆ 'ಹಾಲು ಹೆಚ್ಚಾದ ಕಾಫಿ'. ಮಳೆ ನಿಂತ ಕ್ಷಣದಲ್ಲಿ ಜಂಬಿಟ್ಟಿಗೆ ಗೋಡೆ 'ಹಣ್ಣಡಿಕೆ'ಗಿಂತ ಒಂದು ಕೈ ಕೆಂಪು. ಇಂಥ ಪಟ್ಟಿ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಕರಾವಳಿಯವರಿಗೆ ಮುರುಗಲ ಹಣ್ಣು, ಪಚ್ಚಿಲೆ ಬರಬಹುದು, ನನ್ನ ಪಟ್ಟಿಯನ್ನು ಎರವಲು ಪಡೆಯಬೇಡಿ.

ಈ ವಿಧಾನ ನನ್ನ ಕಂಡುಹಿಡಿತವಲ್ಲ. ಕ್ಯಾಪ್ಟನ್ ಸ್ಕಾಟ್‌ನ ಎರಡೂ ಅಂಟಾರ್ಕ್ಟಿಕ ಯಾತ್ರೆಗಳಿಗೆ ಹೋಗಿದ್ದ ವೈದ್ಯ, ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ವಿಲ್ಸನ್ ಹೊರಗೆ ಪೆನ್ಸಿಲಿನಲ್ಲಿ ಗೀಚಿ, ಬಣ್ಣಗಳನ್ನು ಅಕ್ಷರದಲ್ಲಿ ಬರೆದುಕೊಂಡು, ಗುಡಿಸಲಿಗೆ ಬಂದ ಮೇಲೆ ದೀಪದ ಬೆಳಕಿನಲ್ಲಿ ಜಲವರ್ಣ ಹಚ್ಚುತ್ತಿದ್ದ. 1912ರ ಮಾರ್ಚಿನಲ್ಲಿ, ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ ಸ್ಕಾಟ್‌ನ ಜೊತೆಗೇ ಆತ ತೀರಿಕೊಂಡ.

ಫೋಟೊ ತೆಗೆದುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ತೆಗೆದುಕೊಳ್ಳಿ, ಎಲೆಯ ನರಗಳು ಎಷ್ಟು ಎಂದು ಎಣಿಸಲು ಬೇಕಾಗುತ್ತದೆ. ಮಂಜಿನ ಬಣ್ಣಕ್ಕೆ ಮೊಬೈಲನ್ನು ನಂಬಬೇಡಿ. ಅದು ತನ್ನ ಲೆಕ್ಕದಲ್ಲಿ ಮಂಜನ್ನು ಬೂದಿ ಮಾಡುತ್ತದೆ, ಹಸಿರನ್ನು ಮದುವೆ ಮನೆಗೆ ಹೊರಡಿಸುತ್ತದೆ.

ಹಿಮದಲ್ಲಾದರೆ

ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೆ ಹೋಗುವ ಕನ್ನಡಿಗರು ಈಗ ಬಹಳ, ಅವರ ಚೀಲದಲ್ಲೂ ಒಂದು ಪುಸ್ತಕ ಇರುತ್ತದೆ. ಮಳೆಯ ಪಾಠ ಅಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಹಿಮ ಹಾಳೆಯನ್ನು ಒದ್ದೆ ಮಾಡುವುದಿಲ್ಲ, ಹಿಟ್ಟಿನಂತೆ ಊದಿದರೆ ಹೋಗುತ್ತದೆ. ಕೈಯ ಬಿಸಿ ತಾಗಿದಾಗ ಮಾತ್ರ ಕರಗುತ್ತದೆ. ಹಾಗಾಗಿ ಹಾಳೆಯ ಚಿಂತೆ ಕಡಿಮೆ, ಬೆರಳಿನದು ಹೆಚ್ಚು. ತೆಳು ಕೈಗವಸಿನ ಮೇಲೆ ದಪ್ಪನೆಯದನ್ನು ಹಾಕಿಕೊಂಡು, ಬಿಡಿಸುವಾಗ ದಪ್ಪನೆಯದನ್ನಷ್ಟೇ ಕಳಚುವುದು ವಾಸಿ. ಬೆರಳ ತುದಿ ಕತ್ತರಿಸಿದ ಕೈಗವಸು ನೋಡಲು ಚಂದ, ತುದಿಗಳೇ ಮೊದಲು ಮರಗಟ್ಟುತ್ತವೆ. ಬಾಲ್ ಪೆನ್ನಿನ ಶಾಯಿ ಚಳಿಗೆ ಮಂದವಾಗಿ ಕೈಕೊಡುತ್ತದೆ. ಅಲ್ಲೂ ಪೆನ್ಸಿಲೇ.

ಜಲವರ್ಣದ ನೀರು ಹೆಪ್ಪುಗಟ್ಟದಿರಲಿ ಎಂದು ವೋಡ್ಕಾ ಬೆರೆಸುವ ಚಿತ್ರಕಾರರಿದ್ದಾರೆ. ಮದ್ಯಸಾರ ನೀರಿಗಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲಿ ಹೆಪ್ಪುಗಟ್ಟುವುದರಿಂದ ಉಪಾಯ ನಡೆಯುತ್ತದೆ. ಬೆರೆಸದೆ ಬಿಟ್ಟರೆ ಬಣ್ಣ ಹಾಳೆಯ ಮೇಲೆಯೇ ಹರಳುಗಟ್ಟಿ ಜರೀಗಿಡದ ಎಲೆಯಂಥ ಗುರುತು ಮೂಡುತ್ತದೆ, ಅದನ್ನೇ ಬಯಸಿ ಕಾಯುವವರೂ ಇದ್ದಾರೆ. ಹಿಮ ಬಿಳಿಯಲ್ಲ ಎನ್ನುವುದನ್ನು ಹೊರಡುವ ಮುಂಚೆಯೇ ಕಾಣಬೇಕಾದರೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಿ ರೋರಿಕ್ ಚಿತ್ರಗಳ ಎದುರು ಅರ್ಧ ಗಂಟೆ ನಿಲ್ಲಿ. ಕುಲು ಕಣಿವೆಯ ನಗ್ಗರ್‌ನಲ್ಲಿ 1947ರಲ್ಲಿ ತೀರಿಕೊಳ್ಳುವವರೆಗೆ ನೆಲೆಸಿದ್ದ ನಿಕೊಲಾಯ್ ರೋರಿಕ್ ಹಿಮಾಲಯವನ್ನು ಹೆಚ್ಚಾಗಿ ಟೆಂಪೆರಾದಲ್ಲಿ, ಅಂದರೆ ಅಂಟು ಬೆರೆಸಿದ ಪುಡಿಬಣ್ಣದಲ್ಲಿ, ಬಿಡಿಸಿದರು. ಮಗ ಸ್ವೆತೊಸ್ಲಾವ್ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ಪತ್ನಿ, ಚಿತ್ರನಟಿ ದೇವಿಕಾ ರಾಣಿಯವರೊಂದಿಗೆ ಬಾಳಿದವರು. ಆ ನೀಲಿ, ನೇರಳೆ ನೆರಳುಗಳನ್ನು ಕಂಡ ಮೇಲೆ ಬಿಳಿ ಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗುವ ಧೈರ್ಯ ಬರುತ್ತದೆ.

ಒಣಗಿಸುವುದು

ಮನೆಗೆ ತಂದ ಹಾಳೆ ಉಳಿಯುವುದು ಮೊದಲ ರಾತ್ರಿಯ ಆರೈಕೆಯಿಂದ. ಫಿಲ್ಮನ್ನು ಒರೆಸಬೇಡಿ, ಕೊಡವಿ ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿದರೆ ಸಾಕು. ಕಾಗದವನ್ನು ಫ್ಯಾನಿನ ಅಡಿ ಹರಡುವುದು ಮೊದಲ ಯೋಚನೆ, ಆದರೆ ಮಳೆಗಾಲದಲ್ಲಿ ಫ್ಯಾನು ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ, ಜೊತೆಗೆ ಕರೆಂಟು ಇರಬೇಕಲ್ಲ. ಎರಡು ಹತ್ತಿ ಬಟ್ಟೆಗಳ ನಡುವೆ ಇಟ್ಟು ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಬಹುದು. ಮೇಣ ಅಥವಾ ಆಯಿಲ್ ಪೇಸ್ಟಲ್ ಹಚ್ಚಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರವೂ ತರಬೇಡಿ, ಕಲ್ಲುಕಾಗದಕ್ಕೂ ಅದೇ ಮಾತು. ಬಚ್ಚಲೊಲೆಯ ಮೇಲೆ ಒದ್ದೆ ಬಟ್ಟೆಗೆಂದು ಕಟ್ಟಿದ ಹಗ್ಗ ಇವೆಲ್ಲಕ್ಕಿಂತ ನಿಧಾನ, ಆದರೆ ಹಾಳೆ ಸೊಟ್ಟಗಾಗುವುದಿಲ್ಲ. ಸ್ವಲ್ಪ ಹೊಗೆಯ ಬಣ್ಣ ಹತ್ತುತ್ತದೆ, ವಾಸನೆಯೂ ಉಳಿಯುತ್ತದೆ.

ಪೂರ್ತಿ ಒಣಗುವ ಮುಂಚೆ ಪುಸ್ತಕ ಮುಚ್ಚಿಟ್ಟರೆ ನಾಲ್ಕೇ ದಿನದಲ್ಲಿ ಬೂಷ್ಟು ಬರುತ್ತದೆ. ಹತ್ತಿ ಹಾಳೆಗೆ ಬಳಿದ ಅಂಟು ಬೂಷ್ಟಿಗೆ ಇಷ್ಟದ ಊಟ. ಬಂದ ಹಾಳೆಯನ್ನು ಬೇರೆ ಇಡಿ, ಬಿಸಿಲು ಬಿದ್ದ ದಿನ ಮೆತ್ತನೆಯ ಕುಂಚದಿಂದ ಅಂಗಳದಲ್ಲಿ ಕೊಡವಿ. ನನ್ನ ಒಂದು ಶೋಲಾ ಕಾಡಿನ ಚಿತ್ರಕ್ಕೆ ಅಂಥ ದಿನ ಬಂದದ್ದು ಮಹಾನವಮಿಯ ಹೊತ್ತಿಗೆ. ಕೊಡವಿದ ಮೇಲೂ ಮರಗಳ ನಡುವೆ ಒಂದಿಷ್ಟು ಬೂದು ಮಚ್ಚೆಗಳು ಉಳಿದವು. ಕಲ್ಲುಹೂವು ಅಂದುಕೊಂಡು ಅವುಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ.